ಎರಡು ವರ್ಷ ಬಳಸಿದ ಹಗುರ ಹೆಲ್ಮೆಟ್

ಬಂಡೆ ಹತ್ತಲೆಂದು ಕೊಂಡ ಈ ಹೆಲ್ಮೆಟ್ಟಿನ ತೂಕ ಸುಮಾರು 230 ಗ್ರಾಂ. ದಿನವಿಡೀ ತಲೆಯ ಮೇಲಿದ್ದರೂ ಕತ್ತು ಸೋಲುವುದಿಲ್ಲ. ಒಳಬದಿಯಲ್ಲಿ ಇಎನ್ 12492 (ಯುರೋಪಿನ ಸುರಕ್ಷತಾ ಮಾನದಂಡ) ಮತ್ತು ಯುಐಎಎ 106 (ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡ) ಎಂಬ ಎರಡೂ ಗುರುತುಗಳಿವೆ. 5 ಕಿಲೋ ತೂಕವನ್ನು 2 ಮೀಟರ್ ಎತ್ತರದಿಂದ ನೆತ್ತಿಯ ಮೇಲೆ ಬೀಳಿಸಿದಾಗ ತಲೆಗೆ ತಲುಪುವ ಬಲವು ಮೊದಲನೆಯದರ ಪ್ರಕಾರ 10 ಕಿಲೋನ್ಯೂಟನ್ ಮೀರಬಾರದು, ಎರಡನೆಯದರಲ್ಲಿ ಮಿತಿ 8ಕ್ಕೆ ಇಳಿಯುತ್ತದೆ. ಇದಲ್ಲದೆ ಚೂಪಾದ ಲೋಹದ ತುದಿ ಒಳಕ್ಕೆ ತೂರಿ ತಲೆಯನ್ನು ಮುಟ್ಟುತ್ತದೆಯೇ ಎಂಬ ಪರೀಕ್ಷೆಯೂ ಇರುವುದರಿಂದ, ಸೈಕಲ್ ಹೆಲ್ಮೆಟ್ಟನ್ನು ಇದರ ಬದಲಿಗೆ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಅಳತೆ ನೋಡುವಾಗ ಪಟ್ಟಿಯನ್ನು ಕಟ್ಟದೆ, ಹಿಂಬದಿಯ ತಿರುಗಣೆಯನ್ನು ಮಾತ್ರ ಬಿಗಿಮಾಡಿ, ತಲೆ ಬಗ್ಗಿಸಿ ಮೆಲ್ಲಗೆ ಅಲ್ಲಾಡಿಸಿದೆ, ಹೆಲ್ಮೆಟ್ ಕದಲಲಿಲ್ಲ. ಹಣೆ ಮುಚ್ಚುವಂತೆ ಕೂರುತ್ತದೆ ಎಂಬುದೂ ಸಮಾಧಾನದ ಸಂಗತಿ, ಏಕೆಂದರೆ ಹಿಂದಕ್ಕೆ ಜಾರಿದ ಹೆಲ್ಮೆಟ್ ಇದ್ದೂ ಇಲ್ಲದಂತೆ.

ದೂರುಗಳೂ ಇವೆ. ಕೈಗವಸು ತೊಟ್ಟಾಗ ಗದ್ದದ ಬಕಲ್ ಸಿಕ್ಕುವುದೇ ಇಲ್ಲ. ತಲೆದೀಪದ ಪಟ್ಟಿಯನ್ನು ಹಿಡಿಯುವ ಹಿಂದಿನ ರಬ್ಬರ್ ಕುಣಿಕೆ ಮೊದಲ ಚಳಿಗಾಲದಲ್ಲೇ ತುಂಡಾಯಿತು. ಒಳಗಿನ ಥರ್ಮಾಕೋಲ್‌ನಂಥ ನೊರೆಯಂತೂ ಬಲು ನಾಜೂಕು: ತುಂಬಿದ ಚೀಲದ ಕೆಳಗೆ ಸಿಕ್ಕಿಕೊಂಡ ಒಂದು ರಾತ್ರಿಯ ಬಳಿಕ ಕಿವಿಯ ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಒಮ್ಮೆ ಜಜ್ಜಿದ ಆ ನೊರೆ ಮತ್ತೆ ಉಬ್ಬುವುದಿಲ್ಲವಾದ್ದರಿಂದ ಅದನ್ನು ಅಂದೇ ಕೈಬಿಟ್ಟೆ. ಬೇರೆಯವರು ಬಳಸದಿರಲೆಂದು ಪಟ್ಟಿಯನ್ನೂ ಕತ್ತರಿಸಿದೆ. ಮತ್ತೆ ಇದೇ ಮಾದರಿಯನ್ನು ಕೊಂಡಿದ್ದೇನೆ, ಈ ಬಾರಿ ಚೀಲದ ಹೊರಗೆ ತೂಗುಹಾಕುತ್ತೇನೆ.