ಹಳೇ ಇಟ್ಟಿಗೆ ಮನೆಗೆ ಕೋಣೆ ಸೇರಿಸುವವರೇ, ಪಾಯ ತೋಡಿಸುವ ಮುಂಚೆ ಇದನ್ನ ಓದಿ

ಗೋಡೆ ಗಟ್ಟಿ ಮಾಡಿಸಲು ಹೋಗಿ ಗಟ್ಟಿ ಇದ್ದ ಗೋಡೆಯನ್ನೇ ಹಾಳು ಮಾಡಿಸಿಕೊಂಡವನು ನಾನು. ನೀವೂ ಅದೇ ತಪ್ಪು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

ಮನೆಗೆ ನೂರು ವರ್ಷ ದಾಟಿದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಹಿಂದುಗಡೆ ಒಂದು ಕೋಣೆ ಸೇರಿಸೋಣ ಅಂತ ಹೊರಟೆವು. ಕಾಂಟ್ರಾಕ್ಟರ್ ಬಂದು ಗೋಡೆಗೆ ಎರಡು ಸಲ ತಟ್ಟಿ, 'ಕಲ್ಲಿದ್ದಂಗಿದೆ ಸಾರ್, ಏನೂ ಆಗಲ್ಲ' ಅಂದ. ನಂಬಿದೆ. ಸ್ಟ್ರಕ್ಚರಲ್ ಇಂಜಿನಿಯರ್ ಫೀಸ್ ಉಳಿಯಿತಲ್ಲ ಅಂತ ಒಳಗೊಳಗೇ ಖುಷಿ ಬೇರೆ.

ಅಗೆದಾಗ ಗೊತ್ತಾಯಿತು, ಹಳೇ ಪಾಯ ಅಂದರೆ ನೆಲದಡಿ ಒಂದೂವರೆ ಅಡಿಯೂ ಇಲ್ಲ. ಮೂರು ವರಸೆ ಇಟ್ಟಿಗೆ ಮೆಟ್ಟಿಲಿನ ಹಾಗೆ ಅಗಲವಾಗುತ್ತಾ ಹೋಗಿ ಸೀದಾ ಮಣ್ಣಿನ ಮೇಲೆ ಕೂತಿತ್ತು, ಅಷ್ಟೇ. ಹೊಸ ಪಾಯಕ್ಕೆ ಅವರು ತೋಡಿದ್ದು ಮೂರೂವರೆ ಅಡಿ. ಅದೂ ಗೋಡೆಗೆ ಒತ್ತಿಕೊಂಡೇ, ಈ ತುದಿಯಿಂದ ಆ ತುದಿವರೆಗೆ, ಒಂದೇ ದಿನದಲ್ಲಿ! ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಕಿಟಕಿ ಮೂಲೆಯಿಂದ ಇಟ್ಟಿಗೆ ಸಂದಿ ಹಿಡಿದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು, ಕಿರುಬೆರಳ ಉಗುರು ತೂರುವಷ್ಟು. ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲೇ ಇಲ್ಲ.

ಮಾಡಬೇಕಾಗಿದ್ದ ರೀತಿಯೇ ಬೇರೆ. ಮೊದಲು ಎರಡು ಕಡೆ ಸಣ್ಣ ಗುಂಡಿ ತೆಗೆದು ಹಳೇ ಪಾಯ ಎಷ್ಟು ಆಳ ಇದೆ ಅಂತ ನೋಡಬೇಕು. ಅದರ ಕೆಳಗೆ ಹೋಗಲೇಬೇಕಾದರೆ ಸುಮಾರು ಒಂದು ಮೀಟರಿನ ತುಂಡುಗಳಲ್ಲಿ, ಒಂದರ ಪಕ್ಕದ್ದನ್ನ ಮುಟ್ಟದೆ, ಬಿಟ್ಟು ಬಿಟ್ಟು ಅಗೆಯಬೇಕು. ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಹಳೇ ಪಾಯದ ಅಡಿಗೂ ಅದಕ್ಕೂ ನಡುವೆ ಉಳಿಯುವ ಸಂದಿಗೆ ನೀರು ಕಮ್ಮಿ ಹಾಕಿದ ಮಾರ್ಟರ್ ಗಿಡಿದು, ಆಮೇಲೆ ಮುಂದಿನ ತುಂಡು.

ಆ ಬಿರುಕಿಗೇ ನಿಂತಿದ್ದರೆ ಬಚಾವಾಗುತ್ತಿದ್ದೆ. ಬಿರುಕು ತೋರಿಸಿದರೆ ಕಾಂಟ್ರಾಕ್ಟರನ ಉತ್ತರ ರೆಡಿ ಇತ್ತು. 'ತಂತಿ ಮೆಶ್ ಬಡಿದು ಸಿಮೆಂಟ್ ಪ್ಲಾಸ್ಟರ್ ಹೊಡೆದುಬಿಡೋಣ, ಹಳೇದಕ್ಕಿಂತ ಗಟ್ಟಿಯಾಗುತ್ತೆ.' ಗಟ್ಟಿಯೇನೋ ಆಯಿತು! ಆದರೆ ಸುಣ್ಣದ ಗಾರೆ ಮೆತ್ತಗಿರುವುದು ದೋಷ ಅಲ್ಲ. ಗೋಡೆ ಸ್ವಲ್ಪ ಅಲುಗಿದರೆ ತಾಳಿಕೊಳ್ಳುತ್ತದೆ, ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಎರಡನ್ನೂ ಮಾಡುವುದಿಲ್ಲ, ತೇವ ಹಿಂದೆಯೇ ಉಳಿದು ಇಟ್ಟಿಗೆಯೊಳಗೆ ಉಪ್ಪು ಕಟ್ಟುತ್ತದೆ. ವರ್ಷ ತುಂಬುವ ಮೊದಲೇ ಪ್ಲಾಸ್ಟರ್ ತಟ್ಟಿದರೆ ಟೊಳ್ಳು ಸದ್ದು. ಒಂದು ಕಡೆ ಬಿಡಿಸಿದೆ. ಇಟ್ಟಿಗೆಯ ಮುಖವೇ ಪ್ಲಾಸ್ಟರಿಗೆ ಅಂಟಿಕೊಂಡು ಹಕ್ಕಳೆಯಾಗಿ ಎದ್ದು ಬಂತು. ಒಳಗೆ ಉಳಿದದ್ದನ್ನ ಬೆರಳಲ್ಲಿ ಕೆರೆದರೆ ಬರೀ ಕೆಂಪು ಪುಡಿ.

ಆಗ ಹೋದೆ ಇಂಜಿನಿಯರ್ ಹತ್ತಿರ. ಅವರು ಮಾಡಿದ ಮೊದಲ ಕೆಲಸ, ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದದ್ದು. ಮೂರನೇ ವಾರ ಪಟ್ಟಿ ಒಡೆಯಿತು. ಅಂದರೆ ಗೋಡೆ ಇನ್ನೂ ಇಳಿಯುತ್ತಲೇ ಇತ್ತು. ಹೊರಗಡೆ ಹೊಸ ಪಾಯ ಬಂದಿದ್ದರಿಂದ ಮನೆ ಒಳಗಿನ ನೆಲ ಒಡೆದು, ಮೇಲೆ ಹೇಳಿದ ಹಾಗೆ ತುಂಡು ತುಂಡಾಗಿ ಪಾಯದಡಿ ಕಾಂಕ್ರೀಟ್ ಕೊಡಿಸಿದೆವು. ಆ ತಿಂಗಳುಗಳ ಧೂಳಿನ ಕಥೆ ಬೇಡ ಬಿಡಿ.

ಹೊಸ ಗೋಡೆಯದ್ದೂ ತಪ್ಪೇ. ಹಳೇ ಇಟ್ಟಿಗೆ ಕಿತ್ತು ಹೊಸದನ್ನ ಅದರೊಳಗೆ ಕಚ್ಚಿಸಿ ಕಟ್ಟಿದ್ದರು. ಹಳೇದು ನೂರು ವರ್ಷದಲ್ಲಿ ಕೂತು ಮುಗಿದಿರುತ್ತದೆ, ಹೊಸದು ಈಗ ಕೂರಲು ಶುರು ಮಾಡುತ್ತದೆ, ಹರಿಯದೆ ಇನ್ನೇನು? ಮಧ್ಯೆ ಒಂದು ಸಂದಿ ಬಿಟ್ಟು, ಮೇಲೆ ಕೆಳಗೆ ಜಾರಲು ಬಿಡುವಂಥ ಸ್ಟೀಲ್ ಪಟ್ಟಿಯಲ್ಲಿ ಹಿಡಿಸಬೇಕಿತ್ತಂತೆ.

ಇನ್ನೊಂದು ವಿಷಯ ಪ್ಲಾಸ್ಟರ್ ಬಿಡಿಸಿದ ಮೇಲೇ ತಿಳಿದದ್ದು. ಗೋಡೆಯ ಎರಡು ಪದರವನ್ನು ಹಿಡಿದಿಡಬೇಕಾದ ಅಡ್ಡ ಇಟ್ಟಿಗೆಗಳಲ್ಲಿ ಬಹಳಷ್ಟನ್ನು ಅರ್ಧಕ್ಕೆ ಕಡಿದು ಹೊರಮುಖಕ್ಕೆ ತೋರಿಕೆಗೆ ಇಟ್ಟಿದ್ದರು. ಆ ಕಾಲದವರೂ ಕಳ್ಳಾಟ ಆಡಿದ್ದಾರೆ ನೋಡಿ! ಈಗ ಪದರಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಿ ಕಟ್ಟಬೇಕು. ಬಿರುಕಿನ ಕಡೆ ಕೆಲವು ವರಸೆಗೊಂದರಂತೆ ಅಡ್ಡ ಸಂದಿ ಕೊರೆದು, ತಿರುಚಿದ ಸ್ಟೀಲ್ ಕಂಬಿ ಇಟ್ಟು ಗ್ರೌಟ್ (ಸಂದಿ ತುಂಬುವ ಗಾರೆ) ತುಂಬಬೇಕು, ಬಿರುಕಿನಿಂದ ಆಚೆ ಈಚೆ ಕನಿಷ್ಠ ಅರ್ಧ ಮೀಟರ್ ದಾಟುವ ಹಾಗೆ. ಇದನ್ನ ಮೊದಲೇ ಮಾಡಿದರೆ ಆಗಲ್ವಾ ಅಂತ ಇಂಜಿನಿಯರನ್ನ ಕೇಳಿದ್ದೆ. ಅಲುಗಾಟ ನಿಲ್ಲದೆ ಹೊಲಿಗೆ ಹಾಕಿದರೆ ಪಕ್ಕದಲ್ಲೇ ಹರಿಯುತ್ತದೆ ಅಂದರು.

ಎರಡನೇ ಗಾಜಿನ ಪಟ್ಟಿಗೆ ಈಗ ಎಂಟು ತಿಂಗಳು, ಒಡೆದಿಲ್ಲ. ಉಳಿದ ಸಿಮೆಂಟನ್ನು ಉಳಿ ಸುತ್ತಿಗೆಯಲ್ಲಿ ಬಿಡಿಸುತ್ತಿದ್ದಾರೆ. ಜೋರಾಗಿ ಹೊಡೆದರೆ ಇಟ್ಟಿಗೆಯೂ ಬರುತ್ತದೆ ಅಂತ ನಿಧಾನ. ದಿನಕ್ಕೆ ಒಂದು ಚದರ ಮೀಟರ್ ಸಾಗಿದರೆ ಜಾಸ್ತಿ. ಹೊಸ ಕೋಣೆಗೆ ಇನ್ನೂ ಸೂರಿಲ್ಲ.