ಮಾಸ್ಟೊಡಾನ್: ಕಲಬುರಗಿಯಿಂದ ಒಂದು ವಿಮರ್ಶೆ

ಒಂದೇ ಕಂಪನಿಯ ಹಿಡಿತದಲ್ಲಿರುವ ಕಿರುಬರಹ ತಾಣಗಳಿಗೆ ಪರ್ಯಾಯವಾಗಿ ಯುಜೆನ್ ರೋಚ್ಕೊ 2016ರಲ್ಲಿ ಹೊರತಂದ ಮಾಸ್ಟೊಡಾನ್ ಅನ್ನು ಕಲಬುರಗಿಯಲ್ಲಿ ಕುಳಿತು ಬಳಸುತ್ತಿರುವ ನನಗೆ ಅದರ ಬಹುದೊಡ್ಡ ಗುಣವಾಗಿ ಕಂಡಿರುವುದು, ನಾನು ಏನನ್ನು ಮೊದಲು ಓದಬೇಕೆಂದು ಅದು ತಾನೇ ತೀರ್ಮಾನಿಸುವುದಿಲ್ಲ ಎಂಬುದು. ನಾನು ಹಿಂಬಾಲಿಸುವವರ ಬರಹಗಳು ಸಮಯದ ಕ್ರಮದಲ್ಲೇ ಬರುತ್ತವೆ; ನಡುವೆ ಜಾಹೀರಾತು ನುಸುಳುವುದಿಲ್ಲ.

ಮಾಸ್ಟೊಡಾನ್ ಒಂದೇ ತಾಣವಲ್ಲ; ನಮ್ಮ ಖಾತೆ, ಬರಹಗಳನ್ನು ಇರಿಸಿಕೊಳ್ಳುವ ಸರ್ವರ್‌ಗಳು ಹಲವು, ಅವುಗಳನ್ನು ನಡೆಸುವವರೂ ಹಲವರು. ಆದರೂ 2018ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಶಿಫಾರಸು ಮಾಡಿದ ಆಕ್ಟಿವಿಟಿಪಬ್ ಎಂಬ ಸಮಾನ ನಿಯಮಾವಳಿಯನ್ನು ಪಾಲಿಸುವುದರಿಂದ, ಒಂದು ಸರ್ವರ್‌ನವರು ಇನ್ನೊಂದರವರನ್ನು ಸಾಮಾನ್ಯವಾಗಿ ಹಿಂಬಾಲಿಸಬಹುದು.

ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯ ಕಮಾನುಗಳ ಚಿತ್ರವನ್ನು ಹಾಕುವಾಗ, ಬರಹದ ಭಾಷೆ ಕನ್ನಡವೆಂದು ಗುರುತಿಸುವ ಅವಕಾಶವೂ, ದೃಷ್ಟಿದೋಷವುಳ್ಳವರಿಗಾಗಿ ಚಿತ್ರದ ವಿವರಣೆ ಬರೆಯುವ ಪ್ರತ್ಯೇಕ ಜಾಗವೂ ದೊರೆಯುತ್ತವೆ. ಆ ಜಾಗವನ್ನು ಖಾಲಿ ಬಿಡದಿರುವ ರೂಢಿ ಮಾಸ್ಟೊಡಾನ್ ಬಳಕೆದಾರರಲ್ಲಿ ಬೆಳೆದಿರುವುದು ನನಗೆ ತುಂಬಾ ಹಿಡಿಸಿತು. ಒಂದು ಬರಹಕ್ಕೆ ಸಾಮಾನ್ಯವಾಗಿ ಸಿಗುವ 500 ಅಕ್ಷರಗಳಲ್ಲಿ ತೊಗರಿಯ ಧಾರಣೆಯನ್ನೂ ಅದರ ಹಿಂದಿನ ಕಾರಣವನ್ನೂ ಒಟ್ಟಿಗೆ ಹೇಳಲು ಸಾಧ್ಯ.

ಕೊರತೆಗಳು ಸಣ್ಣವೇನಲ್ಲ. ಯಾವ ಸರ್ವರ್ ಸೇರಬೇಕೆಂಬ ಮೊದಲ ಪ್ರಶ್ನೆಯೇ ಹೊಸಬರನ್ನು ತಡೆದು ನಿಲ್ಲಿಸುತ್ತದೆ. ಸರ್ವರ್ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ; ಆದ್ದರಿಂದ ಯಾರು ನಡೆಸುತ್ತಾರೆ, ಖರ್ಚು ಹೇಗೆ ತೂಗುತ್ತದೆ ಎಂದು ವಿಚಾರಿಸಿಯೇ ಸೇರಬೇಕು. ಕನ್ನಡದಲ್ಲಿ ಬರೆಯುವವರು ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಖಾಸಗಿ ಸಂದೇಶಗಳನ್ನು ಸರ್ವರ್ ನಿರ್ವಾಹಕರು ಓದಬಲ್ಲರಾದ್ದರಿಂದ, ಗುಟ್ಟಿನ ವಿಷಯಗಳಿಗೆ ನಾನು ಇದನ್ನು ಬಳಸುತ್ತಿಲ್ಲ.