ಗೋಳಿ, ಚೀಲ, ಬಾಟಲಿ: ಕಾಮಶೇತದ ಗದ್ದೆಯಲ್ಲಿ ಸಾರಜನಕದ ಲೆಕ್ಕ

ನಿವೃತ್ತಿಯವರೆಗೆ ನಾನು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಹಳಿಯಾಳದ ಕಡೆಯವನಾದ್ದರಿಂದ ಭತ್ತದ ಹುಚ್ಚು ಹೋಗಿಲ್ಲ. ಪುಣೆ–ಲೋಣಾವಳಾ ಲೋಕಲ್ ಹಿಡಿದು ಕಾಮಶೇತದಲ್ಲಿ ಇಳಿದರೆ, ಹಳೆಯ ಸಹೋದ್ಯೋಗಿಯೊಬ್ಬರಿಂದ ಲಾವಣಿಗೆ, ಅಂದರೆ ಗೇಣಿಗೆ, ಪಡೆದ ಮೂವತ್ತು ಗುಂಟೆ ಗದ್ದೆ. ಮಳೆಗಾಲಕ್ಕೆ ಇಂದ್ರಾಯಣಿ ಭತ್ತ, ಆಮೇಲೆ ಬಾವಿಯ ಪಕ್ಕದ ಹತ್ತು ಗುಂಟೆಯಲ್ಲಿ ಗೋಧಿ. ಕಳೆದ ಸಲ ಭತ್ತದ ಗದ್ದೆಯನ್ನು ಮೂರು ಭಾಗ ಮಾಡಿ ಮೂರು ಬಗೆಯ ಸಾರಜನಕ ಕೊಟ್ಟೆ.

ಮೊದಲನೆಯದು ಬೇವುಲೇಪಿತ ಯೂರಿಯಾ. ಚೀಲ 45 ಕಿಲೋ, ದರ 266 ರೂಪಾಯಿ 50 ಪೈಸೆ. ಆಧಾರ್ ತೋರಿಸಿ ಯಂತ್ರದ ಮೇಲೆ ಹೆಬ್ಬೆರಳು ಒತ್ತಬೇಕು. ನನ್ನ ಸವೆದ ಹೆಬ್ಬೆರಳನ್ನು ಅದು ನಾಲ್ಕನೆಯ ಸಲಕ್ಕೆ ಒಪ್ಪಿಕೊಂಡಿತು. ಹೆಕ್ಟೇರಿಗೆ 100 ಕಿಲೋ ಸಾರಜನಕದ ಶಿಫಾರಸಿನಂತೆ ಹತ್ತು ಗುಂಟೆಗೆ ಅರ್ಧ ಚೀಲ. ನಾಟಿಗೆ, ತೆಂಡೆ ಒಡೆಯುವಾಗ, ಹೊಡೆ ಕಟ್ಟುವಾಗ ಎಂದು ಮೂರು ಕಂತಿನಲ್ಲಿ ಎರಚಿದೆ. ಅಗ್ಗ, ಸುಲಭ. ಆದರೆ ನಿಂತ ನೀರಿಗೆ ಎರಚಿದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಾ ಆಗಿ ಗಾಳಿಗೆ ಏಳುತ್ತದೆ. ಉಳಿದುದರಲ್ಲಿ ನೈಟ್ರೇಟ್ ಆದ ಪಾಲು ಕೆಳಗಿನ ಉಸಿರಿಲ್ಲದ ಕೆಸರಿಗೆ ಇಳಿದು ಅನಿಲವಾಗಿ ಮಾಯವಾಗುತ್ತದೆ. ಬೇವಿನ ಲೇಪ ಈ ನೈಟ್ರೇಟ್ ಆಗುವುದನ್ನು ತಡಮಾಡುತ್ತದೆ, ಅಷ್ಟೇ. ಮಳೆ ಹೊಡೆದು ಬದು ತುಂಬಿ ಹರಿದ ದಿನ ನನ್ನ ಎರಡನೆಯ ಕಂತು ಕೆಳಗದ್ದೆಯವರ ಪಾಲಾಯಿತು.

ಎರಡನೆಯದು ಯೂರಿಯಾಕ್ಕೆ ರಂಜಕವಿರುವ ಡಿಎಪಿ ಗೊಬ್ಬರ ಬೆರೆಸಿ ಒತ್ತಿದ ಬ್ರಿಕೆಟ್. ಇಲ್ಲಿಯವರು ಗೋಳಿ ಎನ್ನುತ್ತಾರೆ. ಒಂದೊಂದು 2.7 ಗ್ರಾಂ, ನೋಡಲು ದಿಂಬಿನಾಕಾರದ ಪುಟ್ಟ ಮಾತ್ರೆ. ಕೊಂಕಣ, ಈ ಮಾವಳ ಸೀಮೆಯಲ್ಲಿ ಹೆಸರಾದ ಚಾರಸೂತ್ರೀ ಪದ್ಧತಿಯಲ್ಲಿ ಸಸಿಗಳನ್ನು 15 ಮತ್ತು 25 ಸೆಂಟಿಮೀಟರ್ ಅಂತರ ಬದಲಿಸುತ್ತ ನೆಡಬೇಕು. ಹತ್ತಿರದ ನಾಲ್ಕು ಬುಡಗಳ ನಡುವೆ ಒಂದು ಗೋಳಿಯನ್ನು 7ರಿಂದ 10 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಹೆಕ್ಟೇರಿಗೆ 62,500 ಗೋಳಿ. ನನ್ನ ಹತ್ತು ಗುಂಟೆಗೆ ಆರು ಸಾವಿರದ ಮುನ್ನೂರು ಚಿಲ್ಲರೆ, ತೂಕ 17 ಕಿಲೋ. ಒತ್ತಲು ಇಬ್ಬರು ಹೆಂಗಸರಿಗೆ ಪೂರ್ತಿ ಒಂದು ದಿನ. ಜೊತೆಗೆ ಬಗ್ಗಿದ ನಾನು ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಮಲಗಿದ್ದೆ. ಚೀಲದ ಬಾಯಿ ಬಿಗಿಯಾಗಿ ಕಟ್ಟದೆ ಬಿಟ್ಟದ್ದು ನನ್ನದೇ ತಪ್ಪು: ತೇವ ಹೀರಿ ಒಂದಿಷ್ಟು ಗೋಳಿ ಬೆಲ್ಲದ ಹಾಗೆ ಅಂಟಿಕೊಂಡವು.

ಅಷ್ಟಾದರೂ ಗೆದ್ದದ್ದು ಇದೇ. ಕೆಸರಿನೊಳಗೆ ಹೂತ ಸಾರಜನಕ ಅಮೋನಿಯಂ ಆಗಿಯೇ ಬೇರಿನ ಬಳಿ ಉಳಿಯುತ್ತದೆ. ಮೇಲುಗೊಬ್ಬರದ ಗೊಡವೆ ಇಲ್ಲ, ಬದು ತುಂಬಿ ಹರಿದರೂ ಎದೆ ಹಾರುವುದಿಲ್ಲ. ಹೆಕ್ಟೇರಿನ ಲೆಕ್ಕದಲ್ಲಿ 60 ಕಿಲೋಗಿಂತ ಕಡಿಮೆ ಸಾರಜನಕ ಕೊಟ್ಟು, ಯೂರಿಯಾ ತಾಕಿಗಿಂತ ಒಂದು ಚೀಲ ಭತ್ತ ಹೆಚ್ಚು ತೂಗಿದೆ. ಗೋಳಿಯಲ್ಲಿದ್ದ ರಂಜಕಕ್ಕೂ ಇದರಲ್ಲಿ ಪಾಲಿದೆ ಎನ್ನಿ.

ಮೂರನೆಯದು ನ್ಯಾನೋ ಯೂರಿಯಾ, ಎಲೆಗೆ ಸಿಂಪಡಿಸುವ ದ್ರವ. ಬಯಸಿ ತಂದದ್ದಲ್ಲ. ಯೂರಿಯಾ ಬೇಕಾದರೆ ಇದನ್ನೂ ಒಯ್ಯಿರಿ ಎಂದು ಅಂಗಡಿಯವನು ಮುಂದಿಟ್ಟ. 225 ರೂಪಾಯಿ, ಅರ್ಧ ಲೀಟರ್, ನನಗೆ ಸಿಕ್ಕ ಬಾಟಲಿಯ ಲೇಬಲ್ಲಿನ ಮೇಲೆ ಸಾರಜನಕ ಶೇ 4 ಎಂದಿತ್ತು. ಅಂದರೆ 20 ಗ್ರಾಂ. ಒಂದು ಚೀಲ ಯೂರಿಯಾದಲ್ಲಿರುವುದು 20 ಕಿಲೋ 700 ಗ್ರಾಂ. ಮೂವತ್ತು ವರ್ಷ ಸ್ಟೋರಿನ ದಾಸ್ತಾನು ಲೆಕ್ಕದ ಬಿನ್ ಕಾರ್ಡ್ ಬರೆದ ಕೈಗೆ ಈ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆಯುವುದೇ ಕಷ್ಟ. ತಳಗೊಬ್ಬರ ಕೊಟ್ಟು, ಮೇಲುಗೊಬ್ಬರದ ಬದಲು ಇದನ್ನೇ ಎರಡು ಸಲ ಸಿಂಪಡಿಸಿದೆ. ಎಲೆ ನಾಲ್ಕು ದಿನ ಮಿಂಚಿತು, ಆಮೇಲೆ ತಿಳಿಹಳದಿ. ಇಳುವರಿಯಲ್ಲಿ ಮೂರರಲ್ಲೂ ಕೊನೆ. ಆ ತಾಕಿನ ಮೇಲೆ ಮಾವಿನ ಮರದ ನೆರಳೂ ಬೀಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಲೋಕಲಿನಲ್ಲಿ ಕೈಚೀಲದಲ್ಲಿ ಒಯ್ಯಬಹುದು ಎಂಬುದು ಇದರ ದೊಡ್ಡ ಗುಣ.

ಗೋಧಿಯದು ಬೇರೆ ಜಾತಕ. ಅಲ್ಲಿ ನಿಂತ ನೀರಿಲ್ಲ, ನೈಟ್ರೇಟೂ ಬೆಳೆಗೆ ದಕ್ಕುತ್ತದೆ, ಗೋಳಿಯ ಪಾಡು ಬೇಡ. ಬಿತ್ತನೆಗೆ ಅರ್ಧ, 21ನೆಯ ದಿನ ಮುಕುಟ ಬೇರು ಬಿಡುವಾಗ ಇನ್ನರ್ಧ. ಈ ಎರಡನೆಯ ಅರ್ಧಕ್ಕೆ ಒಂದು ಬದಿ ಯೂರಿಯಾ, ಇನ್ನೊಂದು ಬದಿ ಅಮೋನಿಯಂ ಸಲ್ಫೇಟ್ ಹಾಕಿದೆ. ಆ ರಾತ್ರಿ ಮೋಟರ್ ಸುಟ್ಟು ಮೂರು ದಿನ ನೀರು ಹಾಯಿಸಲಾಗಲಿಲ್ಲ. ಒದ್ದೆ ನೆಲದ ಮೇಲೆ ಬಿದ್ದಿದ್ದ ಯೂರಿಯಾ ಅಮೋನಿಯಾ ಆಗಿ ಹಾರಿ ಆ ಬದಿ ಬಿಳಿಚಿಕೊಂಡಿತು, ಸಲ್ಫೇಟ್ ಬದಿ ಕಡುಹಸಿರಾಗಿಯೇ ನಿಂತಿತು. ಅದರಲ್ಲಿರುವ ಗಂಧಕವೂ ನೆರವಾಗಿರಬೇಕು. ಆದರೆ 50 ಕಿಲೋ ಚೀಲದಲ್ಲಿ ಸಾರಜನಕ ಹತ್ತು ಕಿಲೋ ಮಾತ್ರ, ನಾನು ಕೊಟ್ಟ ದರ ಯೂರಿಯಾದ ಮೂರು ಪಟ್ಟಿಗೂ ಮಿಕ್ಕಿತ್ತು. ನೀರು ಕೈಯಲ್ಲಿದ್ದರೆ ಗೋಧಿಗೆ ಯೂರಿಯಾವೇ ಸಾಕು: ಸಂಜೆ ಎರಚಿ, ಬೆನ್ನಿಗೇ ನೀರು ಬಿಡಿ.

ಈ ಸಲ ಮೂವತ್ತು ಗುಂಟೆಗೂ ಗೋಳಿ. ನಾಟಿಯ ಹೆಂಗಸರು, "ಕಾಕಾ, ಮತ್ತೆ ಗೋಳಿಯೇ?" ಎಂದು ನಕ್ಕು, ಕೂಲಿಗೆ ಐವತ್ತು ರೂಪಾಯಿ ಹೆಚ್ಚು ಕೇಳಿದ್ದಾರೆ. ಒಪ್ಪಿದ್ದೇನೆ.